ಡೀಲರ್ ಮುಂದಿನ ಎಲೆ ನೋಡಿ ಆಡಿ

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಅಂಚೆಯ ಧಾಟಿ ಬದಲಾಗುತ್ತದೆ. ಚೌಕಾಬಾರದ ಗರ, ಅಳಗುಳಿಮಣೆಯ ಲೆಕ್ಕ ಕೇಳುವವರು ಹಿಂದೆ ಸರಿಯುತ್ತಾರೆ. ಮೆಜೆಸ್ಟಿಕ್‌ನಿಂದ ಪಣಜಿಗೆ ರಾತ್ರಿ ಬಸ್ಸಿನಲ್ಲಿ ಸೀಟು ಕಾದಿರಿಸಿದವರು ಮುಂದೆ ಬರುತ್ತಾರೆ. ಈ ಸಲ ಬ್ಲ್ಯಾಕ್‌ಜಾಕ್ ಎಂಬ ಕ್ಯಾಸಿನೊ ಇಸ್ಪೀಟಾಟದ ಕುರಿತ ಪತ್ರಗಳೇ ಜಾಸ್ತಿ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ನನಗೆ ಇದು ಬಲು ಇಷ್ಟದ ಆಟ. ಜೂಜಾಗಿ ಅಲ್ಲ, ಲೆಕ್ಕವಾಗಿ. ಚೌಕಾಬಾರದವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ಮೇಡಂ, ನನಗೆ ರಮ್ಮಿ ಚೆನ್ನಾಗಿ ಬರುತ್ತದೆ. ವರ್ಷಾಂತ್ಯಕ್ಕೆ ಕಚೇರಿಯ ಗೆಳೆಯರೊಂದಿಗೆ ಗೋವಾಕ್ಕೆ ಹೊರಟಿದ್ದೇನೆ. ಬ್ಲ್ಯಾಕ್‌ಜಾಕ್ ಎಂದರೆ 21 ಮಾಡಬೇಕು ಎಂಬುದಷ್ಟೇ ಗೊತ್ತು. ಮೇಜಿನ ಮುಂದೆ ಪೆಚ್ಚಾಗದಷ್ಟು ಕಲಿಸಿಕೊಡಿ. (ರಾಜಾಜಿನಗರದ ಓದುಗರು)

ಉತ್ತರ: ನಿಮಗೆ ಗೊತ್ತಿರುವ ಆ ಒಂದು ಸಂಗತಿಯನ್ನೇ ಮೊದಲು ತಿದ್ದುತ್ತೇನೆ. 21 ಮಾಡಲೇಬೇಕೆಂದೇನೂ ಇಲ್ಲ. ನಿಮ್ಮ ಎಲೆಗಳ ಮೊತ್ತ 21 ದಾಟದೆ, ಎಲೆ ಹಂಚುವ ಕ್ಯಾಸಿನೊದವನಾದ ಡೀಲರ್‌ಗಿಂತ ಮುಂದಿದ್ದರೆ ಸಾಕು. ಡೀಲರ್ 21 ದಾಟಿದರಂತೂ ನಿಮ್ಮ ಕೈಯಲ್ಲಿ ಬರೀ 12 ಇದ್ದರೂ ಗೆಲುವು ನಿಮ್ಮದೇ. 21ರ ಬೆನ್ನು ಹತ್ತಿದವರ ಜೇಬೇ ಎಲ್ಲರಿಗಿಂತ ಮೊದಲು ಬರಿದಾಗುವುದು. ಮೇಜಿನಲ್ಲಿ ಐದಾರು ಜನ ಕೂತಿದ್ದರೂ ಅವರು ಯಾರೂ ನಿಮ್ಮ ಎದುರಾಳಿಗಳಲ್ಲ; ಪ್ರತಿಯೊಬ್ಬರ ಆಟವೂ ಡೀಲರ್ ಜೊತೆಗೆ ಮಾತ್ರ.

ಎಣಿಕೆ ನಿಮಗೆ ಕಷ್ಟವಾಗದು. ರಮ್ಮಿಯಲ್ಲಿ ರಾಜ, ರಾಣಿ, ಗುಲಾಮರಿಗೆ ತಲಾ 10 ಹಾಕಿ ರೂಢಿಯಿದೆಯಲ್ಲ, ಇಲ್ಲಿಯೂ ಹಾಗೆಯೇ. 2ರಿಂದ 10ರವರೆಗಿನ ಎಲೆಗೆ ಅದರ ಮೇಲೆ ಇದ್ದಷ್ಟು. ಎಕ್ಕ ಮಾತ್ರ ಬೇರೆ: 1 ಎಂದಾದರೂ ಎಣಿಸಬಹುದು, 11 ಎಂದಾದರೂ ಎಣಿಸಬಹುದು, ನಿಮಗೆ ಯಾವುದು ಅನುಕೂಲವೋ ಅದು. ಇಸ್ಪೀಟ್, ಆಟೀನ್, ಕಳಾವರ್, ಡೈಮಂಡ್ ಎಂಬ ಭೇದ ಲೆಕ್ಕಕ್ಕೇ ಇಲ್ಲ.

ಮೊದಲು ಪಣ ಇಡುತ್ತೀರಿ. ಎಲ್ಲರಿಗೂ ಎರಡೆರಡು ಎಲೆ ಅಂಗಾತವಾಗಿ ಬೀಳುತ್ತವೆ. ಡೀಲರ್ ತನಗೂ ಎರಡು ಹಾಕಿಕೊಳ್ಳುತ್ತಾನೆ. ಒಂದು ಅಂಗಾತ, ಒಂದು ಬೋರಲು. ನಿಮಗೆ ಇಸ್ಪೀಟ್ 10 ಮತ್ತು ಆಟೀನ್ 3 ಬಂದಿದೆ ಎಂದಿಟ್ಟುಕೊಳ್ಳಿ, ಒಟ್ಟು 13. ಡೀಲರ್ ಮುಂದೆ ಕಳಾವರ್ 6 ಕಾಣುತ್ತಿದೆ. ರಮ್ಮಿ ಆಡಿದ ಕೈ ಇನ್ನೊಂದು ಎಲೆಗಾಗಿ ತುರಿಸುತ್ತದೆ. ಬೇಡ, ನಿಲ್ಲಿ. ಎಲ್ಲರ ಸರದಿ ಮುಗಿದ ಮೇಲೆ ಡೀಲರ್ ಬೋರಲು ಎಲೆಯನ್ನು ತಿರುಗಿಸುತ್ತಾನೆ: ಗುಲಾಮ. ಅವನದು 16 ಆಯಿತು. ಅವನಿಗೆ ಯೋಚಿಸುವ ಹಕ್ಕಿಲ್ಲ; 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಲೆ ಎಳೆಯಲೇಬೇಕು, 17 ಮುಟ್ಟಿದ ಮೇಲೆ ನಿಲ್ಲಲೇಬೇಕು. ಎಳೆದ, 9 ಬಂತು, 25 ಆಯಿತು. 13 ಹಿಡಿದು ಸುಮ್ಮನೆ ಕೂತ ನಿಮಗೆ ಇಟ್ಟಷ್ಟು ಹಣ ಸಿಕ್ಕಿತು. ಇಬ್ಬರದೂ ಸಮವಾದರೆ ನಿಮ್ಮ ಪಣ ನಿಮಗೆ ವಾಪಸ್ಸು, ಅದಕ್ಕೆ ಪುಶ್ ಎನ್ನುತ್ತಾರೆ.

ಎಲೆ ಬೇಕೆಂದರೆ ಹಿಟ್, ಸಾಕೆಂದರೆ ಸ್ಟ್ಯಾಂಡ್. ಬಾಯಲ್ಲಿ ಹೇಳಿದರೆ ಸಾಲದು, ಕೈಸನ್ನೆ ಬೇಕು. ಮೇಲಿನ ಕ್ಯಾಮೆರಾಕ್ಕೆ ಕಾಣುವುದು ಕೈ. ಹಿಟ್‌ಗೆ ಬೆರಳಿನಿಂದ ಮೇಜು ತಟ್ಟಿ. ಸ್ಟ್ಯಾಂಡ್‌ಗೆ ಅಂಗೈಯನ್ನು ಎಲೆಗಳ ಮೇಲೆ ಅಡ್ಡಡ್ಡ ಆಡಿಸಿ. ಡಬಲ್ ಎಂದರೆ ಪಣ ಇಮ್ಮಡಿ ಮಾಡಿ ಒಂದೇ ಒಂದು ಎಲೆ ತೆಗೆದುಕೊಳ್ಳುವುದು. ಒಂದೇ ಬೆಲೆಯ ಎರಡು ಎಲೆ ಬಂದರೆ ಮತ್ತೊಂದು ಪಣ ಇಟ್ಟು ಅವನ್ನು ಎರಡು ಕೈಯಾಗಿ ಬಿಡಿಸಬಹುದು, ಅದು ಸ್ಪ್ಲಿಟ್. ಅಂಗಾತ ಬಿದ್ದ ಎಲೆಗಳನ್ನು ಮುಟ್ಟಬೇಡಿ, ಇಟ್ಟ ಪಣವನ್ನೂ ಎಲೆ ಹಂಚಿದ ಮೇಲೆ ಮುಟ್ಟಬೇಡಿ. ಪೆಚ್ಚಾಗುವ ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಒಂದು 10 (ಅಥವಾ ರಾಜ, ರಾಣಿ, ಗುಲಾಮ) ಕೂಡಿ ಬಂದರೆ ಅದೇ ಬ್ಲ್ಯಾಕ್‌ಜಾಕ್. ಮೂರು ಎಲೆಯಲ್ಲಿ ಮಾಡಿದ 21ಕ್ಕಿಂತ ಅದು ದೊಡ್ಡದು. ಹಣವೂ ಹೆಚ್ಚು ಬರುತ್ತದೆ. ಈ ಒಂದು ಕಡೆ ನೀವು ಹಟಮಾರಿಯಾಗಬೇಕು. ಕೂರುವ ಮುನ್ನ ಮೇಜಿನ ಬಟ್ಟೆಯ ಮೇಲೆ ಬರೆದಿರುವುದನ್ನು ಓದಿ. '3ಕ್ಕೆ 2' ಎಂದಿದ್ದರೆ 500 ರೂಪಾಯಿಗೆ 750 ಬರುತ್ತದೆ. '6ಕ್ಕೆ 5' ಎಂದಿದ್ದರೆ 600 ಮಾತ್ರ. ಬ್ಲ್ಯಾಕ್‌ಜಾಕ್ ಬೀಳುವುದೇ ಸುಮಾರು 21 ಆಟಕ್ಕೊಮ್ಮೆ. ಆ ಒಮ್ಮೆಯೂ 150 ರೂಪಾಯಿ ಬಿಟ್ಟುಕೊಡುವ ಮೇಜಿಗೆ ದೂರದಿಂದಲೇ ನಮಸ್ಕಾರ ಹಾಕಿ, ಊಟದ ಮೇಜಿಗೆ ಹೋಗಿ ಕೂರಿ.

ಪ್ರಶ್ನೆ: ಡೀಲರ್‌ಗೆ ಸ್ವಾತಂತ್ರ್ಯವಿಲ್ಲ, ನನಗಿದೆ. ಸಮ ಬಂದರೆ ಹಣ ವಾಪಸ್ಸು. ಬ್ಲ್ಯಾಕ್‌ಜಾಕ್ ಬಂದರೆ ನನಗೆ ಒಂದೂವರೆ ಪಟ್ಟು, ಅವನಿಗೆ ಬಂದರೆ ನಾನು ಕಳೆದುಕೊಳ್ಳುವುದು ಒಂದು ಪಟ್ಟು ಮಾತ್ರ. ಹಾಗಾದರೆ ಕ್ಯಾಸಿನೊ ಬದುಕುವುದು ಹೇಗೆ? ಎಲೆ ಕಲೆಸುವಾಗಲೇ ಮೋಸ ಇರಬೇಕಲ್ಲವೇ? (ಬಸವನಗುಡಿಯ ನಿವೃತ್ತ ಬ್ಯಾಂಕ್ ಉದ್ಯೋಗಿ)

ಉತ್ತರ: ಮೋಸದ ಅಗತ್ಯವೇ ಇಲ್ಲ ಸರ್. ಸರದಿಯಲ್ಲೇ ಎಲ್ಲವೂ ಇದೆ. ನೀವು ಮೊದಲು ಆಡುತ್ತೀರಿ, 21 ದಾಟಿದ ಕ್ಷಣ ನಿಮ್ಮ ಪಣ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಡೀಲರ್ ಕೂಡ ದಾಟಿದರೆ? ನಿಮ್ಮ ಹಣ ಆಗಲೇ ಪೆಟ್ಟಿಗೆ ಸೇರಿರುತ್ತದೆ. ಅದನ್ನು ಹಿಂದಿರುಗಿಸುವ ಪದ್ಧತಿ ಇಲ್ಲ.

ನೀವು ಬ್ಯಾಂಕಿನವರು, ಲೆಕ್ಕವನ್ನೇ ಕೊಡುತ್ತೇನೆ. ಡೀಲರ್‌ನ ನಿಯಮದಂತೆ 17ರವರೆಗೆ ಎಳೆಯುವವರು 100ಕ್ಕೆ ಸುಮಾರು 28 ಸಲ ದಾಟುತ್ತಾರೆ. ನೀವೂ ಅವನನ್ನೇ ಅನುಕರಿಸಿ ಆಡಿದರೆ ಇಬ್ಬರೂ ದಾಟುವ ಸಂಭವ ಆ 28ರಲ್ಲಿ ಮತ್ತೆ ಶೇಕಡಾ 28ರಷ್ಟು, ಅಂದರೆ 100ಕ್ಕೆ 8ರ ಹತ್ತಿರ. ಆ 8ನ್ನು ನೀವು ಸುಮ್ಮನೆ ಕೊಟ್ಟಂತೆ. ಬ್ಲ್ಯಾಕ್‌ಜಾಕ್‌ನ ಆ ಹೆಚ್ಚುವರಿ ಅರ್ಧದಿಂದ ಎರಡಕ್ಕಿಂತ ತುಸು ಹೆಚ್ಚು ವಾಪಸ್ಸು ಬರುತ್ತದೆ. ಉಳಿದ ಐದೂವರೆಯಷ್ಟು ಕ್ಯಾಸಿನೊದ ಪಾಲು. ನೀವು ಹೇಳಿದ ಸ್ವಾತಂತ್ರ್ಯವನ್ನು ಸರಿಯಾಗಿ ಬಳಸಿದರೆ ಅದನ್ನು, ಒಳ್ಳೆಯ ನಿಯಮಗಳಿರುವ ಮೇಜಿನಲ್ಲಿ, 100ಕ್ಕೆ ಅರ್ಧದಷ್ಟಕ್ಕೆ ಇಳಿಸಬಹುದು. ಸೊನ್ನೆಗೆ ಇಳಿಸಲಾಗದು.

ಪ್ರಶ್ನೆ: ನನ್ನ ಮಗ ಮೊಬೈಲಿನಲ್ಲಿ ಒಂದು ಬಣ್ಣಬಣ್ಣದ ಕೋಷ್ಟಕ ಕಳಿಸಿದ್ದಾನೆ. ಯಾವ ಕೈಗೆ ಏನು ಮಾಡಬೇಕೆಂದು ನೂರಾರು ಚೌಕಗಳು. ಅರವತ್ತು ದಾಟಿದ ನನಗೆ ಬಾಯಿಪಾಠ ಆಗುವುದಿಲ್ಲ. ನೆನಪಿನಲ್ಲಿ ಉಳಿಯುವಂತೆ ಹೇಳುತ್ತೀರಾ? (ವಿಜಯನಗರದ ಓದುಗರು)

ಉತ್ತರ: ಆ ಚೌಕಗಳ ಹಿಂದೆ ಒಂದು ಸೊಗಸಾದ ಕಥೆ ಇದೆ ಅಮ್ಮ. ಅಮೆರಿಕದ ಸೈನ್ಯದಲ್ಲಿದ್ದ ನಾಲ್ವರು, ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬವರು, ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳನ್ನು ಒತ್ತಿ ಒತ್ತಿ ಪ್ರತಿ ಕೈಗೂ ಸರಿಯಾದ ನಡೆ ಯಾವುದೆಂದು ಕಂಡುಹಿಡಿದು 1956ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಂಪ್ಯೂಟರ್ ಇಲ್ಲದೆ ಅವರು ತೆಗೆದ ಉತ್ತರಗಳು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ನಿಂತಿವೆ. ತರಗತಿಯಲ್ಲಿ ಹಿಂದಿನ ಬೆಂಚಿನವರನ್ನು ಎಬ್ಬಿಸಲು ನಾನು ಇದನ್ನು ಹೇಳುತ್ತಿದ್ದೆ.

ಕೋಷ್ಟಕವನ್ನು ಮಡಿಸಿಡಿ. ನೋಡಬೇಕಾದ್ದು ಒಂದೇ: ಡೀಲರ್ ಮುಂದೆ ಅಂಗಾತ ಬಿದ್ದಿರುವ ಎಲೆ. ಹೊಸಬರೆಲ್ಲ ತಮ್ಮ ಎಲೆಯನ್ನೇ ದಿಟ್ಟಿಸುತ್ತಾರೆ. ಅವನದು 2ರಿಂದ 6ರೊಳಗಿದ್ದರೆ ಅವನ ಸ್ಥಿತಿ ನಾಜೂಕು. 2 ಇದ್ದಾಗ 100ಕ್ಕೆ ಸುಮಾರು 35 ಸಲ, 6 ಇದ್ದಾಗ 42 ಸಲ ದಾಟುತ್ತಾನೆ. 7 ಕಂಡ ಕೂಡಲೇ ಅದು 26ಕ್ಕೆ ಕುಸಿಯುತ್ತದೆ, ಮುಂದಕ್ಕೆ ಇನ್ನೂ ಇಳಿಯುತ್ತದೆ. ಹಾಗಾಗಿ ನಿಮ್ಮಲ್ಲಿ 12ರಿಂದ 16ರವರೆಗೆ ಇದ್ದು ಅವನದು ದುರ್ಬಲ ಎಲೆಯಾದರೆ ನಿಂತುಬಿಡಿ, ದಾಟುವ ಕೆಲಸ ಅವನಿಗೇ ಇರಲಿ. ಅವನದು 7, 8, 9, 10 ಅಥವಾ ಎಕ್ಕವಾದರೆ ನೀವು ಎಲೆ ಕೇಳಬೇಕು. ಒಂದೇ ಅಪವಾದ: ನಿಮ್ಮದು 12, ಅವನದು 2 ಅಥವಾ 3 ಆದಾಗಲೂ ಕೇಳಿ. 12ನ್ನು ಕೆಡಿಸುವುದು 10ರ ಬೆಲೆಯ ಎಲೆಗಳು ಮಾತ್ರ, 13 ಬಗೆಯ ಎಲೆಗಳಲ್ಲಿ 4.

17 ಮತ್ತು ಮೇಲೆ ನಿಲ್ಲಿ. 11 ಅಥವಾ ಕೆಳಗೆ ಇದ್ದರೆ ಭಯವಿಲ್ಲದೆ ಕೇಳಿ, ಯಾವ ಎಲೆಯೂ ನಿಮ್ಮನ್ನು ದಾಟಿಸಲಾರದು. 11 ಬಂದು ಡೀಲರ್ ಮುಂದೆ ಎಕ್ಕ ಇಲ್ಲದಿದ್ದರೆ ಡಬಲ್ ಮಾಡಿ. 10 ಬಂದು ಅವನದು 9 ಅಥವಾ ಕೆಳಗಿದ್ದರೂ ಡಬಲ್.

ಎಕ್ಕ ಇರುವ ಕೈಯಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. ಎಕ್ಕ ಮತ್ತು 6 ಬಂದರೆ '17 ಆಯಿತು' ಎಂದು ಕೈ ಆಡಿಸಬೇಡಿ. ಅದು 7 ಕೂಡ ಹೌದು. ಯಾವ ಎಲೆ ಬಿದ್ದರೂ ದಾಟುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿ: ಡೀಲರ್ 17ಕ್ಕಿಂತ ಕೆಳಗೆ ನಿಲ್ಲುವಂತಿಲ್ಲ, ಆದ್ದರಿಂದ 17 ಇಟ್ಟುಕೊಂಡು ನೀವು ಗೆಲ್ಲಬೇಕಾದರೆ ಅವನು ದಾಟಲೇಬೇಕು. ಪುಕ್ಕಟೆಯಾಗಿ ಇನ್ನೊಂದು ಎಲೆ ಸಿಗುವಾಗ ಅಂಥ ಕೈಗೆ ಏಕೆ ಅಂಟಿಕೊಳ್ಳಬೇಕು? ಎಕ್ಕ ಮತ್ತು 8 ಬಂದರೆ 19, ಆಗ ನಿಲ್ಲಿ.

ಜೋಡಿ ಎಲೆಗಳಲ್ಲಿ ಎರಡು ಎಕ್ಕ, ಎರಡು 8 ಬಂದರೆ ಬಿಡಿಸಿ. ಎರಡು 10, ಎರಡು 5 ಬಂದರೆ ಎಂದಿಗೂ ಬಿಡಿಸಬೇಡಿ. ಈ ಹಿಡಿಯಷ್ಟು ಮಾತಿನಲ್ಲಿ ಆ ಕೋಷ್ಟಕದ ಬಹುಪಾಲು ಬಂತು. ಉಳಿದದ್ದನ್ನು ಮಗ ನೆನಪಿಟ್ಟುಕೊಳ್ಳಲಿ.

ಪ್ರಶ್ನೆ: ನನ್ನದು 16, ಡೀಲರ್ ಮುಂದೆ 10. ಆಗ ಕೈಕಾಲೇ ಆಡುವುದಿಲ್ಲ. ಏನು ಮಾಡಲಿ? (ಯಲಹಂಕ)

ಉತ್ತರ: ಏನು ಮಾಡಿದರೂ ಅಳುವೇ. ಕೇಳಿದರೆ 6ರಿಂದ ರಾಜನವರೆಗೆ ಯಾವುದು ಬಂದರೂ ದಾಟುತ್ತೀರಿ, 13ರಲ್ಲಿ 8. ನಿಂತರೆ ಡೀಲರ್ ದಾಟಿದರೆ ಮಾತ್ರ ಗೆಲುವು, ಅದು ಐದರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ಎರಡರಲ್ಲೂ 100 ರೂಪಾಯಿಗೆ ಸರಾಸರಿ 54 ರೂಪಾಯಿ ಹೋಗುತ್ತದೆ. ಕೇಳಿದರೆ ಕೂದಲೆಳೆಯಷ್ಟು ಕಡಿಮೆ. ಆ ಮೇಜಿನಲ್ಲಿ ಸರೆಂಡರ್ ಇದ್ದರೆ ಅರ್ಧ ಪಣ ಬಿಟ್ಟು ಎದ್ದುಬಿಡಿ, 50 ಮಾತ್ರ ಹೋಗುತ್ತದೆ. ಸರೆಂಡರ್ ಇಲ್ಲವೇ? ಕೇಳಿ. ಮೀನಮೇಷ ಎಣಿಸುವಷ್ಟು ವ್ಯತ್ಯಾಸ ಅಲ್ಲಿಲ್ಲ.

ಪ್ರಶ್ನೆ: ಕಳೆದ ಸಲ ಪಣಜಿಯ ಮೇಜೊಂದರಲ್ಲಿ ನನ್ನ ಭಾವ ಕೊನೆಯ ಸೀಟಿನಲ್ಲಿ ಕೂತಿದ್ದರು. ಅವರು 14ಕ್ಕೆ ಎಲೆ ಕೇಳಿದರು, ರಾಣಿ ಬಂತು. ಅವರು ಕೇಳದೇ ಇದ್ದಿದ್ದರೆ ಆ ರಾಣಿ ಡೀಲರ್‌ಗೆ ಹೋಗಿ ಅವನು ದಾಟುತ್ತಿದ್ದನಂತೆ. ಪಕ್ಕದವರೆಲ್ಲ 'ನಿಮ್ಮಿಂದಲೇ ನಾವು ಸೋತೆವು' ಎಂದು ಹರಿಹಾಯ್ದರು. ಭಾವ ಊಟವನ್ನೂ ಮಾಡಲಿಲ್ಲ. ಅವರದು ನಿಜಕ್ಕೂ ತಪ್ಪೇ? (ಜಯನಗರ)

ಉತ್ತರ: ಭಾವನವರಿಗೆ ನನ್ನ ಹೆಸರು ಹೇಳಿ ಒಂದು ಹೋಳಿಗೆ ಬಡಿಸಿ. ಡೀಲರ್ ಮುಂದೆ ದುರ್ಬಲ ಎಲೆ ಇತ್ತೆಂದಾದರೆ 14ಕ್ಕೆ ಕೇಳಿದ್ದು ಅವರ ಸ್ವಂತ ಪಣಕ್ಕೆ ಮಾಡಿದ ಅನ್ಯಾಯ, ಅಷ್ಟೇ. ಪಕ್ಕದವರಿಗೂ ಅದಕ್ಕೂ ಸಂಬಂಧವಿಲ್ಲ. ಎಲೆ ತುಂಬಿಟ್ಟ ಪೆಟ್ಟಿಗೆಯಲ್ಲಿ ಮುಂದಿನ ಎಲೆ ಯಾವುದು, ಅದರ ಮುಂದಿನದು ಯಾವುದು ಎಂದು ಯಾರಿಗೂ ತಿಳಿದಿರಲಿಲ್ಲ. ಭಾವ ಎತ್ತಿಕೊಂಡ ಎಲೆ ಡೀಲರ್‌ನನ್ನು ಕೆಡಿಸುವ ಸಂಭವ ಎಷ್ಟಿತ್ತೋ, ಅದರ ಹಿಂದಿನ ಎಲೆ ಅವನನ್ನು ಕೆಡಿಸುವ ಸಂಭವವೂ ಅಷ್ಟೇ ಇತ್ತು. ಹಿಂದೊಮ್ಮೆ ಕೊನೆಯ ಸೀಟಿನವರ ಇಂಥದೇ ಹಿಟ್‌ನಿಂದ ಇಡೀ ಮೇಜು ಗೆದ್ದಿರುತ್ತದೆ. ಆಗ ಯಾರೂ ಎದ್ದು ಹಾರ ಹಾಕುವುದಿಲ್ಲ. ಬಸ್ಸು ತಪ್ಪಿದವನು ನಿಲ್ದಾಣದಲ್ಲಿ ಕೂತ ಮುದುಕನನ್ನು ಬೈದಂತೆ ಇದು. ಮುಂದಿನ ಸಲ ಯಾರಾದರೂ ಹಾಗೆ ಹರಿಹಾಯ್ದರೆ ಮೇಜು ಬದಲಿಸಲಿ, ಉತ್ತರ ಕೊಡುವ ಗೋಜಿಗೆ ಹೋಗುವುದು ಬೇಡ.

ಪ್ರಶ್ನೆ: ಡೀಲರ್ ಮುಂದೆ ಎಕ್ಕ ಬಿದ್ದಾಗ 'ಇನ್ಶೂರೆನ್ಸ್' ಬೇಕೇ ಎಂದು ಕೇಳುತ್ತಾರೆ. ವಿಮೆ ಒಳ್ಳೆಯದೇ ಅಲ್ಲವೇ? (ಮಲ್ಲೇಶ್ವರ)

ಉತ್ತರ: ಹೆಸರಿಗೆ ಮಾತ್ರ ವಿಮೆ, ಅದು ಪ್ರತ್ಯೇಕ ಪಂದ್ಯ. ಅವನ ಬೋರಲು ಎಲೆ 10ರ ಬೆಲೆಯದು ಎಂದು ನೀವು ಅರ್ಧ ಪಣದವರೆಗೆ ಕಟ್ಟುತ್ತೀರಿ, ಗೆದ್ದರೆ ಒಂದಕ್ಕೆ ಎರಡು. ತಲಾ 1 ರೂಪಾಯಿಯಂತೆ 13 ಸಲ ಕಟ್ಟಿ ನೋಡಿ: 4 ಸಲ ಗೆದ್ದು 8 ರೂಪಾಯಿ ಬರುತ್ತದೆ, 9 ಸಲ ಸೋತು 9 ರೂಪಾಯಿ ಹೋಗುತ್ತದೆ. ನಿಮ್ಮ ಕೈಯಲ್ಲಿ ಬ್ಲ್ಯಾಕ್‌ಜಾಕ್ ಇದ್ದರೂ ಬೇಡ ಎನ್ನಿ.

ಪ್ರಶ್ನೆ: ಎಲೆ ಎಣಿಸಿ ಕ್ಯಾಸಿನೊವನ್ನೇ ಸೋಲಿಸಬಹುದಂತೆ. ನಾನು ಸಾಫ್ಟ್‌ವೇರ್ ಎಂಜಿನಿಯರ್, ಸಂಖ್ಯೆಗಳು ನನಗೆ ನೀರು ಕುಡಿದಷ್ಟು ಸುಲಭ. (ಬೆಳ್ಳಂದೂರು)

ಉತ್ತರ: ತತ್ತ್ವ ನಿಜ. ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ ಐಬಿಎಂ ಕಂಪ್ಯೂಟರಿನ ಸಹಾಯದಿಂದ ಲೆಕ್ಕ ಹಾಕಿ, 1962ರಲ್ಲಿ ಪುಸ್ತಕವಾಗಿಯೇ ಹೊರತಂದರು. ಸರಳ ಕ್ರಮದಲ್ಲಿ 2ರಿಂದ 6ರವರೆಗಿನ ಎಲೆ ಹೋದಾಗ ಒಂದು ಕೂಡಿಸಿ, 10ರ ಬೆಲೆಯದು ಅಥವಾ ಎಕ್ಕ ಹೋದಾಗ ಒಂದು ಕಳೆಯಿರಿ. 7, 8, 9ನ್ನು ಬಿಟ್ಟುಬಿಡಿ. ಮೊತ್ತ ಮೇಲೇರಿದರೆ ಪೆಟ್ಟಿಗೆಯಲ್ಲಿ ದೊಡ್ಡ ಎಲೆಗಳು ಉಳಿದಿವೆ ಎಂದರ್ಥ, ಆಗ ಪಣ ಹೆಚ್ಚಿಸುವುದು. ಇದೆಲ್ಲ ಕ್ಯಾಸಿನೊದವರಿಗೂ ಆರು ದಶಕಗಳಿಂದ ಗೊತ್ತು. ಅದಕ್ಕೇ ಆರೆಂಟು ಕಟ್ಟುಗಳನ್ನು ಒಟ್ಟಿಗೆ ಬೆರೆಸುತ್ತಾರೆ, ಕೆಲವೆಡೆ ಆಡಿದ ಎಲೆಗಳನ್ನು ಆಗಿಂದಾಗಲೇ ಯಂತ್ರಕ್ಕೆ ಹಾಕಿ ಮತ್ತೆ ಕಲೆಸುತ್ತಾರೆ, ಪಣ ಏರಿಳಿಸುವವರನ್ನು ಗಮನಿಸಿ ಎಬ್ಬಿಸುತ್ತಾರೆ. ಒಂದು ಕಟ್ಟನ್ನು ಅಡುಗೆಮನೆಯ ಕುಕ್ಕರ್ ಕೂಗುವ ಗದ್ದಲದಲ್ಲಿ ತಪ್ಪಿಲ್ಲದೆ ಎಣಿಸಿ ನೋಡಿ, ಆಮೇಲೆ ನೀರು ಕುಡಿಯುವ ಮಾತು.

ಪ್ರಶ್ನೆ: ಮೊಬೈಲಿಗೆ ಬ್ಲ್ಯಾಕ್‌ಜಾಕ್ ಆ್ಯಪ್‌ಗಳ ಜಾಹೀರಾತು ಬರುತ್ತಲೇ ಇದೆ. ಬೆಂಗಳೂರಿನಲ್ಲೇ ಕೂತು ಆಡಬಹುದಾದರೆ ಗೋವಾಕ್ಕೇಕೆ ಹೋಗಬೇಕು? (ಹೆಸರು ಬೇಡ)

ಉತ್ತರ: ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವುಗಳ ಜಾಹೀರಾತನ್ನೂ ಸೇರಿಸಿ, 2025ರ ಕೇಂದ್ರದ ಕಾಯ್ದೆ ನಿಷೇಧಿಸಿದೆ, ಅದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲ. 'ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆಯಲ್ಲ' ಎಂಬ ವಾದ ಈ ಕಾಯ್ದೆಯ ಮುಂದೆ ಬ್ಲ್ಯಾಕ್‌ಜಾಕ್ ಆ್ಯಪ್‌ನ ನೆರವಿಗೆ ಬರುವುದಿಲ್ಲ. ಕರ್ನಾಟಕದಲ್ಲಿ ಕಾನೂನುಬದ್ಧ ಕ್ಯಾಸಿನೊ ಒಂದೂ ಇಲ್ಲ, ಜೂಜಿನ ಅಡ್ಡೆ ನಡೆಸುವುದೂ ಅಲ್ಲಿ ಆಡುವುದೂ 1963ರ ಪೊಲೀಸ್ ಕಾಯ್ದೆಯಡಿ ಅಪರಾಧ. ಇಸ್ಪೀಟ್ ಅಡ್ಡೆ ಮೇಲೆ ದಾಳಿ ಎಂಬ ಸುದ್ದಿಯಲ್ಲಿ ತಲೆ ತಗ್ಗಿಸಿ ನಿಂತವರ ಚಿತ್ರವನ್ನು ನೀವೂ ನೋಡಿರುತ್ತೀರಿ. ಗೋವಾದಲ್ಲಿ ಪರವಾನಗಿ ಪಡೆದ ಕ್ಯಾಸಿನೊಗಳಿವೆ, ಮಾಂಡೋವಿ ನದಿಯ ಹಡಗುಗಳೂ ಅದರಲ್ಲಿ ಸೇರಿವೆ. 21 ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. ಹೆಸರು ಬೇಡ ಎಂದು ಬರೆದಿದ್ದೀರಿ. ಸಾಲ ಆಗಿದೆಯೇ? ಆಗಿದ್ದರೆ ಅದನ್ನು ಆಟದಿಂದಲೇ ತೀರಿಸುವ ಯೋಚನೆ ಬಿಟ್ಟು, ಇಂದೇ ಮನೆಯವರಲ್ಲಿ ಯಾರಿಗಾದರೂ ಹೇಳಿ. ನಿಮ್ಹಾನ್ಸ್‌ನಲ್ಲಿ ಇಂಥ ಚಟಗಳಿಗೂ ಚಿಕಿತ್ಸೆ ಕೊಡುವ ವೈದ್ಯರಿದ್ದಾರೆ.

ಪ್ರಶ್ನೆ: ಯುಗಾದಿಯ ಮರುದಿನ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ಇಸ್ಪೀಟು ಆಡುತ್ತೇವೆ. ಮಕ್ಕಳಿಗೆ ರಮ್ಮಿ ಉದ್ದವಾಯಿತು ಎಂಬ ಬೇಸರ. ಹಣವಿಲ್ಲದೆ ಬ್ಲ್ಯಾಕ್‌ಜಾಕ್ ಆಡಿಸಬಹುದೇ? (ಕೆಂಗೇರಿ)

ಉತ್ತರ: ಧಾರಾಳವಾಗಿ ಆಡಿಸಬಹುದು. ಮಗ್ಗಿ ಹೇಳಿ ಎಂದರೆ ಓಡಿಹೋಗುವ ಮಕ್ಕಳು ಇಲ್ಲಿ ಕೂಡುವುದು ಕಳೆಯುವುದನ್ನು ಯಾರೂ ಹೇಳದೆ ಮಾಡುತ್ತಾರೆ. ನಮ್ಮ ಹನುಮಂತನಗರದ ಮನೆಯಲ್ಲಿ ಎರಡು ಕಟ್ಟು ಎಲೆ, ಒಂದು ಖಾಲಿ ಮೈಸೂರುಪಾಕಿನ ಡಬ್ಬ, ಒಂದು ಬಟ್ಟಲು ಹುಣಸೆ ಬೀಜ ಇದ್ದರೆ ಕ್ಯಾಸಿನೊ ಸಿದ್ಧ. ಡಬ್ಬದ ಒಂದು ಬದಿಯನ್ನು ಕತ್ತರಿಯಿಂದ ಸೀಳಿ, ಕಲೆಸಿದ ಎಲೆಗಳನ್ನು ಬೋರಲಾಗಿ ಒಳಗಿಟ್ಟು ಸೀಳಿನಿಂದ ಒಂದೊಂದಾಗಿ ಜಾರಿಸಬೇಕು. ತುಪ್ಪದ ಜಿಡ್ಡನ್ನು ಮೊದಲು ಒರೆಸಿ, ಇಲ್ಲವಾದರೆ ಎರಡೆರಡು ಎಲೆ ಅಂಟಿಕೊಂಡು ಬರುತ್ತವೆ. ಪಕ್ಕದ ಮನೆಯ ಎಂಟನೇ ತರಗತಿಯ ಹುಡುಗಿ ಅದನ್ನು ಹಿಡಿದು ದೊಡ್ಡ ರಂಪ ಮಾಡಿದಳು, ಅವಳ ಕಡೆಯೇ ನ್ಯಾಯವಿತ್ತು.

ಪ್ರತಿಯೊಬ್ಬರಿಗೂ 20 ಬೀಜ ಕೊಡಿ. ಡೀಲರ್ ಕೆಲಸವನ್ನು ಮಕ್ಕಳಿಗೆ ಸರದಿಯ ಮೇಲೆ ಕೊಡಿ, ಅದೇ ಅವರಿಗೆ ಹೆಚ್ಚು ಖುಷಿ. ಅರ್ಧ ಗಂಟೆಯಲ್ಲಿ ಡೀಲರ್ ಆದವರ ಮುಂದೆ ಬೀಜ ರಾಶಿ ಬೀಳುವುದನ್ನು ಅವರೇ ಕಂಡು 'ಇದು ಏಕೆ ಹೀಗೆ' ಎಂದು ಕೇಳುತ್ತಾರೆ. ಆಗ ಮೇಲಿನ ಬಸವನಗುಡಿಯವರಿಗೆ ಕೊಟ್ಟ ಉತ್ತರವನ್ನು ಓದಿ ಹೇಳಿ. ಸ್ಪ್ಲಿಟ್, ಇನ್ಶೂರೆನ್ಸ್‌ಗಳನ್ನು ಮೊದಲ ದಿನ ಕೈಬಿಡಿ. ಪಣವನ್ನು 2, 4, 6 ಹೀಗೆ ಸಮಸಂಖ್ಯೆಯಲ್ಲೇ ಇಡಿಸಿ. ಬ್ಲ್ಯಾಕ್‌ಜಾಕ್ ಬಂದವರಿಗೆ ಒಂದೂವರೆ ಪಟ್ಟು ಕೊಡಬೇಕು, ಹುಣಸೆ ಬೀಜವನ್ನು ಅರ್ಧ ಮಾಡಲು ಕೂತರೆ ಹೊಸತೊಡಕಿನ ಊಟ ತಣ್ಣಗಾಗುತ್ತದೆ.